ಮದರ್‌ಬೋರ್ಡಿಗೆ ಅರ್ಧ ಇಂಚು ಮಾರ್ಜಿನ್

ಮೂವತ್ತೆರಡು ವರ್ಷ ಬಟ್ಟೆ ಕತ್ತರಿಸಿದವನು ನಾನು. ಹೊಲಿಗೆಯ ಒಳಗೆ ಬಟ್ಟೆ ಬಿಡದೆ ಒಂದು ತೋಳನ್ನೂ ಕತ್ತರಿಸಿದವನಲ್ಲ. ಮಕ್ಕಳು ಬೆಳೆಯುತ್ತಾರೆ, ದೊಡ್ಡವರು ದಪ್ಪಗಾಗುತ್ತಾರೆ, ಬಿಚ್ಚಿ ಸಡಿಲ ಮಾಡಿಕೊಡಿ ಎಂದು ಮತ್ತೆ ನನ್ನ ಬಾಗಿಲಿಗೇ ಬರುತ್ತಾರೆ. ಮಾರ್ಜಿನ್ ಬಿಡದ ದರ್ಜಿಯನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಅಂಥ ನನ್ನ ಕೈಗೆ ಬಾಮೈದ ಒಂದು ಚೀಟಿ ಕೊಟ್ಟು, "ಭಾವ, ಈ ಮೂರರಲ್ಲಿ ಒಂದು ಸೈಜ್ ಆರಿಸಿ," ಅಂದ.

ಬಟ್ಟೆಯ ಸೈಜಲ್ಲ, ಮದರ್‌ಬೋರ್ಡಿನದು. ಅವನದು ಕಂಪ್ಯೂಟರ್ ರಿಪೇರಿ ಅಂಗಡಿ. ಅವನ ಅಕ್ಕನಿಗೆ, ಅಂದರೆ ನನ್ನ ಹೆಂಡತಿಗೆ, ಅವನೇ ಮನೆಯಲ್ಲಿ ಕೂತು ಒಂದು ಕಂಪ್ಯೂಟರ್ ಜೋಡಿಸಿ ಕೊಡುವವನಿದ್ದ. ಒಂದು ವರ್ಷದಿಂದ ಅವಳ ನರಗಳು ಒಂದೊಂದಾಗಿ ಕೈಕೊಡುತ್ತಿದ್ದವು. ಮೊದಲು ಕಾಲು ಹೋಯಿತು, ಆಮೇಲೆ ನಾಲಿಗೆ ತೊದಲತೊಡಗಿತು. ಅವಳು ಟೈಪ್ ಮಾಡಿದ್ದನ್ನು ಜೋರಾಗಿ ಓದಿ ಹೇಳುವ ಕಂಪ್ಯೂಟರ್ ಇದ್ದರೆ ಒಳ್ಳೆಯದು ಎಂದಿದ್ದರು ಆಸ್ಪತ್ರೆಯವರು. ಲ್ಯಾಪ್‌ಟಾಪ್ ತಂದು ನೋಡಿದೆವು. ಆ ಸಣ್ಣ ಕೀಗಳ ಮೇಲೆ ಅವಳ ಬೆರಳು ನಿಲ್ಲಲಿಲ್ಲ, ಪರದೆಯೂ ಅವಳ ಕಣ್ಣಿನ ಎತ್ತರಕ್ಕೆ ಬರಲಿಲ್ಲ.

"ದೊಡ್ಡ ಬೋರ್ಡ್ ಹಾಕಿದ್ರೆ ಏಳು ಸ್ಲಾಟ್ ಇರತ್ತೆ. ಮುಂದೆ ಏನ್ ಬೇಕಾದ್ರೂ ಸೇರಿಸ್ಕೋಬಹುದು," ಎಂದು ಬಾಮೈದ ವಿವರಿಸಿದ. "ಮಧ್ಯದ್ದಕ್ಕೆ ನಾಲ್ಕು. ಚಿಕ್ಕದಕ್ಕೆ ಒಂದೇ ಒಂದು. ಆದ್ರೆ ಬೋರ್ಡ್ ದೊಡ್ಡದಾದಷ್ಟೂ ಅದನ್ನ ಕೂರಿಸೋ ಕ್ಯಾಬಿನೆಟ್ಟೂ ದೊಡ್ಡದಾಗತ್ತೆ."

"ದೊಡ್ಡದೇ ಇರ್ಲಿ," ಅಂದೆ. ಯೋಚನೆಯನ್ನೇ ಮಾಡಲಿಲ್ಲ. ಏಳು ಸ್ಲಾಟ್ ಎಂದರೆ ನನ್ನ ತಲೆಯಲ್ಲಿ ಏಳು ವರ್ಷ ಎಂದೇ ಕೇಳಿಸಿತ್ತು.

ಗಾಲಿಕುರ್ಚಿಯಲ್ಲಿ ಕೂತಿದ್ದ ಅವಳು ಬೇಡವೆಂದು ತಲೆಯಾಡಿಸಿದಳು. ಮಾತು ಸರಿಯಾಗಿ ಹೊರಡದಿದ್ದಾಗ ಕಟಿಂಗ್ ಟೇಬಲ್ಲಿನ ಮೇಲಿರುವ ಯಾವುದಾದರೂ ಕಪ್ಪು ಬಟ್ಟೆಯ ಮೇಲೆ ಗುರುತು ಹಾಕುವ ಚಾಕ್‌ಪೀಸಿನಿಂದ ಬರೆಯುವುದು ಅವಳಿಗೆ ಅಭ್ಯಾಸವಾಗಿತ್ತು. ಗಿರಾಕಿಯ ಪ್ಯಾಂಟಿನ ಬಟ್ಟೆಯ ಮೇಲೆ ಬರೆದಳು: "ಚಿಕ್ಕದು. ದಾರದ ಗಾಡಿಗೆ."

ದಾರದ ಗಾಡಿ ಎಂದರೆ ಅವಳ ಹೊಲಿಗೆ ಮಷೀನಿನ ಪಕ್ಕದಲ್ಲಿರುವ ನಾಲ್ಕು ಚಕ್ರದ ಸಣ್ಣ ಸ್ಟ್ಯಾಂಡು. ಒಂದು ಬೆರಳಿನಿಂದ ನೂಕಿದರೂ ಹೋಗುತ್ತದೆ. ಕಂಪ್ಯೂಟರ್ ಅದರ ಮೇಲಿದ್ದರೆ ಮುಂದಿನ ಕೋಣೆಯ ಅಂಗಡಿಗೂ ಹಿಂದಿನ ಅಡುಗೆಮನೆಗೂ ಅವಳ ಜೊತೆಗೇ ಬರುತ್ತದೆ. ದೊಡ್ಡದಾದರೆ ಟೇಬಲ್ಲಿನ ಕೆಳಗೆ ಠಿಕಾಣಿ ಹೂಡುತ್ತದೆ. ಏನಾದರೂ ಹೇಳಬೇಕೆಂದರೆ ಅವಳೇ ಅಲ್ಲಿಗೆ ಹೋಗಬೇಕು.

ಮಾತಿಗೆ ಮಾತು ಬೆಳೆಸುವುದು ಬೇಡವೆಂದು ಹಳೆಯ ಪೇಪರ್ ಹಾಸಿ, ಚೀಟಿಯಲ್ಲಿದ್ದ ಮೂರು ಕ್ಯಾಬಿನೆಟ್ಟುಗಳ ತಳಕ್ಕೂ ಪ್ಯಾಟರ್ನ್ ಕತ್ತರಿಸಿದೆ. ಎಲ್ಲಕ್ಕಿಂತ ಚಿಕ್ಕದನ್ನು ಗಾಡಿಯ ಮೇಲಿಟ್ಟೆ. ಎರಡು ಬದಿಯ ಕಂಬಿಗೂ ತಗುಲಿ ಪೇಪರಿನ ಅಂಚು ಮೇಲಕ್ಕೆದ್ದಿತು.

"ನೋಡು, ಹಿಡಿಸಲ್ಲ. ನಾನೇನು ಬೇಕಂತ ಹೇಳ್ತೀನಾ? ಇನ್ನು ದೊಡ್ಡದೇ ಗತಿ," ಅಂದೆ. ಒಳಗೊಳಗೇ ಖುಷಿಯಾಗಿತ್ತು, ಸುಳ್ಳೇಕೆ ಹೇಳಲಿ.

ಅವಳು ಕೊರಳಲ್ಲಿದ್ದ ಟೇಪು ತೆಗೆದು ಪ್ಯಾಟರ್ನಿನ ಮೇಲೆ ಹಿಡಿದಳು. ಬೆರಳು ನಡುಗುತ್ತಿದ್ದುದರಿಂದ ತುಂಬ ಹೊತ್ತು ಬೇಕಾಯಿತು. ಆಮೇಲೆ ಚೀಟಿ ನೋಡಿದಳು. ಚೀಟಿಯಲ್ಲಿ ಒಂಬತ್ತು ಇಂಚು, ಪೇಪರಿನಲ್ಲಿ ಹತ್ತು. ಅವಳ ಹೆಗಲು ಕುಲುಕತೊಡಗಿತು. ಚಾಕ್ ತಗೊಂಡು ಬರೆದಳು: "ಪೆಟ್ಟಿಗೆಗೆ ಹೊಲಿಗೆ ಹಾಕ್ತೀರಾ?"

ನಾಲ್ಕೂ ಕಡೆ ಅರ್ಧರ್ಧ ಇಂಚು ಮಾರ್ಜಿನ್ ಬಿಟ್ಟು ಕತ್ತರಿಸಿದ್ದೆ. ತಗಡಿನ ಪೆಟ್ಟಿಗೆಗೆ! ಬಾಮೈದ ಹೊಟ್ಟೆ ಹಿಡಿದುಕೊಂಡು ನಕ್ಕ. ಅವಳೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಹಾಗೆ ನಕ್ಕು ಎಷ್ಟು ತಿಂಗಳಾಗಿತ್ತೋ. ನನಗೆ ಮಾತ್ರ ಸಿಟ್ಟು ನೆತ್ತಿಗೇರಿತು.

"ನಗಿ, ಚೆನ್ನಾಗಿ ನಗಿ. ನಾಳೆ ಕಣ್ಣಲ್ಲೇ ಟೈಪ್ ಮಾಡೋ ಯಂತ್ರ ಬೇಕಾಗತ್ತೆ. ಮುಂದಿನ ವರ್ಷ ಇನ್ನೊಂದು ಬರತ್ತೆ, ಅದರ ಮುಂದಿನ ವರ್ಷ ಮತ್ತೊಂದು. ಅವೆಲ್ಲಕ್ಕೂ ಜಾಗ ಬೇಡ್ವಾ?"

ಬಾಮೈದನ ನಗು ನಿಂತಿತು.

ಅವಳು ಕುರ್ಚಿಯನ್ನು ನನ್ನ ಹತ್ತಿರಕ್ಕೆ ತಂದಳು. ತಾನು ತೊಟ್ಟಿದ್ದ ಮೇಲಂಗಿಯ ತೋಳನ್ನು ಒಳಮೈ ಕಾಣುವ ಹಾಗೆ ಮಡಚಿ ನನ್ನ ಕೈಗೆ ಹಿಡಿಸಿದಳು. ಮೈ ಇಳಿದ ಹಾಗೆಲ್ಲ ಆ ಅಂಗಿಯನ್ನು ನಾಲ್ಕು ಸಲ ಬಿಗಿ ಮಾಡಿಕೊಂಡಿದ್ದಳು. ಪ್ರತಿ ಸಲವೂ ನಾನು ಒಂದೇ ಮಾತು ಹೇಳಿದ್ದೆ: ಒಳಗಿನ ಬಟ್ಟೆ ಕತ್ತರಿಸಬೇಡ, ಮತ್ತೆ ಮೈ ತುಂಬಿಕೊಂಡಾಗ ಬಿಚ್ಚೋಣ. ಬೆರಳಾಡಿಸಿದೆ. ಬಟ್ಟೆ ಇರಲಿಲ್ಲ. ಹೊಲಿಗೆಯ ಅಂಚಿಗೇ ಕತ್ತರಿಸಿ, ಎಳೆ ಬಿಚ್ಚದ ಹಾಗೆ ಓವರ್‌ಲಾಕ್ ಹೊಡೆದಿದ್ದಳು.

"ಕತ್ತರಿಸಿಬಿಟ್ಯಾ?" ಅಂದೆ.

"ಒತ್ತುತಿತ್ತು ರೀ," ಅಂದಳು. ಹೊರಗಿನವರಿಗಾದರೆ ಬರೀ ಸದ್ದು. ಅವಳ ಮಾತು ಆಗ ನನಗಷ್ಟೇ ತಿಳಿಯುತ್ತಿತ್ತು. "ಮೂಳೆಗೆ ಒತ್ತುತಿತ್ತು. ಈಗಿನ ಮೈಗೆ ಸರಿಹೋದ್ರೆ ಸಾಕು."

ಮುಂದೆ ಮುಂದೆ ಎಂದು ನಾನು ಬಿಡುತ್ತ ಬಂದದ್ದೆಲ್ಲ ಅವಳ ಮೂಳೆಗೆ ಒತ್ತುತ್ತಿತ್ತು, ನನಗೆ ಅದು ಗೊತ್ತೇ ಆಗಿರಲಿಲ್ಲ. ಟೇಬಲ್ಲಿಗೆ ಹೋಗಿ ಚಿಕ್ಕ ಪ್ಯಾಟರ್ನನ್ನು ಎತ್ತಿಕೊಂಡು ನಾಲ್ಕೂ ಕಡೆ ಅರ್ಧ ಇಂಚು ಕತ್ತರಿಸಿದೆ. ಗಾಡಿಯ ಮೇಲಿಟ್ಟೆ. ಕಂಬಿಗಳ ನಡುವೆ ಸಲೀಸಾಗಿ ಕೂತಿತು.

"ಚಿಕ್ಕದೇ ತಗೊಂಡ್ ಬಾ," ಎಂದೆ ಬಾಮೈದನಿಗೆ.

"ಮುಂದೆ ಜಾಸ್ತಿ ಏನೂ ಸೇರಿಸೋಕಾಗಲ್ಲ ಭಾವ," ಅಂದ.

"ಗೊತ್ತು ಕಣೋ."

ಮುಂದಿನ ವಾರ ಬಂದು ಜೋಡಿಸಿದ. ಒಂದು ಗೇಣೂ ಇಲ್ಲದ ಬೋರ್ಡು, ಅದನ್ನು ಕೂರಿಸಿದ ಸಣ್ಣ ಪೆಟ್ಟಿಗೆ, ಗಾಡಿಯ ಮೇಲೆ ಪರದೆ, ಅವಳ ತೊಡೆಯ ಮೇಲೆ ದೊಡ್ಡ ಕೀಬೋರ್ಡು. "ಏನಾದ್ರೂ ಹೇಳಕ್ಕ," ಅಂದ. ಅವಳು ಒಂದೊಂದೇ ಅಕ್ಷರ ಹುಡುಕಿ ಒತ್ತಿದಳು. ಯಾರೋ ಅಪರಿಚಿತ ಹೆಂಗಸಿನ ದನಿಯಲ್ಲಿ ಪೆಟ್ಟಿಗೆ ಹೇಳಿತು: "ಅಳತೆ ಸರಿಯಾಗಿದೆ."

ಮೂವತ್ತೆರಡು ವರ್ಷ ಗಿರಾಕಿಗಳ ಬಾಯಲ್ಲಿ ಆ ಮಾತು ಕೇಳಿ ಬೀಗಿದವನು ನಾನು. ಆ ದಿನ ಗಾಡಿಯ ಪಕ್ಕ ನೆಲದ ಮೇಲೆ ಕುಸಿದು, ಬಾಮೈದನೆದುರು ನಾಚಿಕೆಯೂ ಇಲ್ಲದೆ ಅತ್ತುಬಿಟ್ಟೆ.

ನನ್ನ ತಲೆಯ ಮೇಲೆ ಟಪ್ ಟಪ್ ಎಂದು ಕೀಗಳ ಸದ್ದು ಕೇಳುತ್ತಲೇ ಇತ್ತು. ತುಂಬ ಹೊತ್ತಾದ ಮೇಲೆ ಆ ಅಪರಿಚಿತ ದನಿ ಮತ್ತೆ ಮಾತಾಡಿತು: "ಏಳಿ. ಬಾಗಿಲಲ್ಲಿ ಗಿರಾಕಿ ನಿಂತಿದ್ದಾರೆ."

ಕಣ್ಣೊರೆಸಿಕೊಂಡು ಎದ್ದೆ. ಬಾಗಿಲಲ್ಲಿದ್ದ ಹೆಂಗಸು ಮಗಳನ್ನು ಮುಂದೆ ನಿಲ್ಲಿಸಿ, "ಬೆಳೆಯೋ ಮಗು, ಒಳಗೆ ಸ್ವಲ್ಪ ಜಾಸ್ತಿನೇ ಬಟ್ಟೆ ಬಿಡಿ," ಅಂದಳು. ನಾನು ಟೇಪು ತೆಗೆದುಕೊಂಡೆ.