ತಣ್ಣನೆ ಗಾಳಿ ಕುಡಿಯುವ ಕಾರು

ಮೊನ್ನೆ ಭಾನುವಾರ ರಿಂಗ್ ರೋಡಿನಲ್ಲಿ ಹೇಮಂತನ ಕಾರು ಎಷ್ಟು ಜೋರಾಗಿ ಓಡಿತೆಂದರೆ, ಅವನು ಹೊಡೆದ ಹಾರನ್ನಿನ ಸದ್ದು ದಾರಿಯಲ್ಲಿ ಇಬ್ಬರ ಹತ್ತಿರ ವಿಳಾಸ ಕೇಳಿಕೊಂಡು, ಬೆವರೊರೆಸುತ್ತ, ಅವನ ಹಿಂದೆ ಮನೆಗೆ ಬಂತು.

ಹೀಗಂತ ರಾಹುಲನ ಗ್ಯಾರೇಜಿನಲ್ಲಿ ಹೇಳಬೇಕು ಎಂದು ಹೇಮಂತ ಮಾತು ಜೋಡಿಸಿಕೊಳ್ಳುತ್ತಿದ್ದಾಗ ಕಾರು ಎರಡನೇ ಗೇರಿನಲ್ಲಿತ್ತು. ಸೌತೆಕಾಯಿಯ ತಳ್ಳುಗಾಡಿಯೊಂದು ಎಡಗಡೆಯಿಂದ ಅವನನ್ನು ಹಿಂದೆ ಹಾಕಿತು.

“ದಾರಿ ಕೊಡೋ ಅವನಿಗೆ. ಪಾಪ, ಅವಸರದಾಗ ಅದಾನ,” ಎಂದಳು ಪಕ್ಕದಲ್ಲಿ ಕೂತಿದ್ದ ತಾಯಿ ಸೂಗಮ್ಮ. ಗ್ಯಾರೇಜು ಮುಗಿದ ಮೇಲೆ ಸುಲ್ತಾನ್ ಬಜಾರು ಎಂಬ ಕರಾರಿನ ಮೇಲೆ ಹೊರಟವಳು. ಅವಳ ಮಡಿಲಲ್ಲಿದ್ದ ಕೈಚೀಲದಲ್ಲಿ ಇಡೀ ಬಜಾರನ್ನೇ ಮಡಚಿ ತರಬಹುದಿತ್ತು.

ಹೇಮಂತನ ಮನೆ ಸಿಕಂದರಾಬಾದಿನ ಹತ್ತಿರದ ಕುಷಾಯಿಗೂಡದಲ್ಲಿ. ಕೆಲಸ ದೊಡ್ಡ ಕಾರ್ಖಾನೆಯೊಂದರಲ್ಲಿ ಇಂಜಿನಿಯರು. ಒಂದು ವಾರ ರಜೆ ಹಾಕಿ ಮರಳಿದರೆ ಅಲ್ಲಿನವರು, “ನಿನ್ನೆ ಮೀಟಿಂಗಿನಲ್ಲಿ ಚೆನ್ನಾಗಿ ಮಾತಾಡಿದಿರಿ,” ಎನ್ನುತ್ತಿದ್ದರು. ಆದರೆ ಗ್ಯಾರೇಜಿನ ರಾಹುಲ ನಡೆಸುವ ಕಾರುಪ್ರಿಯರ ವಾಟ್ಸಾಪ್ ಗುಂಪಿನಲ್ಲಿ ಅವನು ‘ಹೇಮಂತಣ್ಣ’. ಯಾರನ್ನೂ ಮುಖತಃ ಕಂಡಿರಲಿಲ್ಲ. ಪ್ರತಿ ಭಾನುವಾರ ತನ್ನ ಓಟಗಳ ಸುದ್ದಿ ಬರೆಯುತ್ತಿದ್ದ, ಅವರು ಹೆಬ್ಬೆರಳೆತ್ತಿ ಮೆಚ್ಚುತ್ತಿದ್ದರು. ಈಗ ಕರೆ ಬಂದಿತ್ತು: ಬರುವ ಭಾನುವಾರ ನಮ್ಮ ಜೊತೆ ಓಡಿಸಿ, ಅದಕ್ಕೆ ಮುಂಚೆ ಕಾರಿಗೊಂದು ಕೋಲ್ಡ್ ಏರ್ ಇಂಟೇಕ್, ಅಂದರೆ ಇಂಜಿನ್ನಿಗೆ ತಣ್ಣನೆ ಗಾಳಿ ಎಳೆದುಕೊಡುವ ಸಾಮಾನು, ಹಾಕಿಸಿ.

ಅದರಲ್ಲೂ ಬಗೆಗಳಿವೆಯಂತೆ. ತಪ್ಪಾದದ್ದನ್ನು ಆರಿಸಿದರೆ ಇವನಿಗೆ ಏನೂ ಗೊತ್ತಿಲ್ಲವೆಂದು ಗೊತ್ತಾಗುತ್ತದೆ. ಗೊತ್ತಾದರೆ ಅಲ್ಲಿಯೂ ಅವನು ಇರುವುದಿಲ್ಲ.

ಸಿಕಂದರಾಬಾದಿನ ಗ್ಯಾರೇಜಿನಲ್ಲಿ ರಾಹುಲ ಇದ್ದ. ಗುಂಪಿನ ಇನ್ನಿಬ್ಬರು ಚಹಾ ಕುಡಿಯುತ್ತಿದ್ದರು.

“ಬರ್ರಿ ಹೇಮಂತಣ್ಣಾ! ಫೋಟೋದಾಗಿನಕಿಂತ ಸಣ್ಣಗ ಕಾಣ್ತೀರಲ್ಲ?”

“ಸ್ಪೀಡಿಗೆ ಕರಗೀನಿ.”

ರಾಹುಲ ಮೇಜಿನ ಮೇಲೆ ಎರಡು ಸಾಮಾನು ಇಟ್ಟ. “ಇದು ಬರೀ ಕೋನ್ ಫಿಲ್ಟರ್. ಹುಲಿ ಒದರಿದಂಗ ಸದ್ದು ಕೊಡ್ತೈತಿ. ಆದ್ರ ಬಾನೆಟ್ಟಿನೊಳಗ ಕೂತು ಇಂಜಿನ್ನಿನ ಬಿಸಿ ಗಾಳೀನ ಕುಡೀತೈತಿ. ಇದು ಮುಚ್ಚಿದ ಡಬ್ಬಿ. ಬಂಪರ್ ಹಿಂದಿಂದ ತಣ್ಣನ ಗಾಳಿ ಎಳೀತೈತಿ. ಸದ್ದು ಕಮ್ಮಿ, ಓಟ ಭಾಳ. ಯಾವ್ದು ಹಾಕ್ಲಿ?”

ಹೇಮಂತ ಎರಡನ್ನೂ ಕೈಯಲ್ಲಿ ತೂಗಿದ. ಬದನೆಕಾಯಿ ಆರಿಸುವವನ ಹಾಗೆ ಒತ್ತಿಯೂ ನೋಡಿದ.

“ತಣ್ಣನ ಗಾಳಿ?” ಸ್ಟೂಲಿನ ಮೇಲಿಂದ ಸೂಗಮ್ಮ ಕೇಳಿದಳು. “ಈ ಊರಾಗ ಮನಶ್ಯಾರಿಗೇ ಇಲ್ಲ. ಇಂಜಿನ್ನಿಗೆ ಎಲ್ಲಿಂದ ತರ್ತೀಯೋ ತಮ್ಮಾ?”

“ಇನ್ನೂರಾ ನಲವತ್ತರಾಗ ಹೊಂಟ್ರ ಗಾಳಿ ತಾನ ತಣ್ಣಗಾಗ್ತೈತಿ, ಅವ್ವಾ,” ಎಂದ ಹೇಮಂತ, ಚಹಾ ಕುಡಿಯುತ್ತಿದ್ದವರಿಗೂ ಕೇಳುವಂತೆ. “ಡಬ್ಬೀನ ಹಾಕು ರಾಹುಲ್. ಸದ್ದೆಲ್ಲಾ ಹುಡುಗರಿಗೆ.”

ಅವನ ಕೈ ಮಾತ್ರ ಕೋನ್ ಫಿಲ್ಟರನ್ನು ಬಿಟ್ಟಿರಲಿಲ್ಲ.

ಸರಿಯಾದ ಉತ್ತರವಿರಬೇಕು, ರಾಹುಲ ತಲೆದೂಗಿ ಬಾನೆಟ್ ಎತ್ತಿದ. ಹಳೆಯ ಗಾಳಿ ಕೊಳವೆಯನ್ನು ಬಿಚ್ಚಿ ಒಳಗೆ ಬೆರಳು ಹಾಕಿದ. ಕೆಂಪು ಬಟ್ಟೆಯ ಗಂಟೊಂದು ಹೊರಗೆ ಬಂತು.

“ಇದೇನಣ್ಣಾ?”

“ಅಯ್ಯ, ಅದು ನಂದು!” ಸೂಗಮ್ಮ ಎದ್ದು ಬಂದಳು. “ಬನ್ನಿ ಎಲಿ. ದಸರಾದಾಗ ಇಟ್ಟಿದ್ದೆ. ‘ಇದು ಕಾರಿನ ಮೂಗು, ಅವ್ವಾ, ಇಲ್ಲಿಂದನ ಉಸುರು’ ಅಂತ ನೀನ ತೋರ್ಸಿದ್ದೆಲ್ಲ? ಎಲ್ಲಾರ ಕೈಯಾಗೂ ಬನ್ನಿ ಕೊಟ್ಟು ಬಂಗಾರದಂಗ ಇರೂಣು ಅಂದ್ವಿ. ಇದಕ್ಕ ಕೈ ಇಲ್ಲ. ಮೂಗಿಗಿಟ್ಟೆ.”

ರಾಹುಲ ಗಂಟು ಬಿಚ್ಚಿದ. ಎಲೆಗಳು ಒಣಗಿದ್ದವು, ಒಂದೂ ಮುರಿದಿರಲಿಲ್ಲ.

“ಮೂಗಿನಾಗ ಇದನ್ನ ಇಟಗೊಂಡು ಇನ್ನೂರಾ ನಲವತ್ತು? ಅದರ ಅರ್ಧ ಸ್ಪೀಡಿನಾಗ ಓಡ್ಸಿದ್ರೂ ಇದು ಪುಡಿಯಾಗಿ ಫಿಲ್ಟರಿಗೆ ಬಡೀತಿತ್ತಲ್ಲರಿ.”

“ಹಂಗಾದ್ರ ಲೆಕ್ಕ ಹಾಕು,” ಎಂದ ಹೇಮಂತ. “ಗಂಟು ಇಲ್ದಿದ್ರ ಮುನ್ನೂರು.”

ಯಾರೂ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು. ಚಹಾ ಕುಡಿಯುತ್ತಿದ್ದವರು ಸೌಜನ್ಯದಿಂದ ರಸ್ತೆಯ ಕಡೆ ನೋಡಿದರು. ಈ ಸೌಜನ್ಯವನ್ನು ಹೇಮಂತ ಬಲ್ಲ. ಕಾರ್ಖಾನೆಯಲ್ಲಿ ದಿನವೂ ಬೆಳಿಗ್ಗೆ ಎದುರಾಗುವುದು ಇದೇ.

ಒಳಗೆ ಇನ್ನೂ ಏನಾದರೂ ಸಿಕ್ಕಿಕೊಂಡಿದೆಯೇ ಎಂದು ನೋಡಲು ರಾಹುಲ ಕೊಳವೆ ತೆರೆದಿಟ್ಟೇ ಇಂಜಿನ್ ಸ್ಟಾರ್ಟ್ ಮಾಡಿದ. ತೆರೆದ ಬಾಯಿ ಹಸಿದಂತೆ ಗಾಳಿ ಎಳೆಯತೊಡಗಿತು. ಗ್ಯಾರೇಜಿನ ತಗಡೆಲ್ಲ ನಡುಗಿತು.

“ಮತ್ತ ಐತವಾರ ಐತವಾರ ಎಲ್ಲಿ ಹೋಗ್ತಿದ್ದಿ?” ಸೂಗಮ್ಮ ಆ ಸದ್ದಿನ ಮೇಲೆ ಕೂಗಿದಳು.

ಹೇಮಂತ ಏನೋ ಹೇಳಿದ.

“ಏನು? ಕೇಳ್ಸವಲ್ದು!”

ಮತ್ತೆ ಹೇಳಿದ. ಇಂಜಿನ್ ಅದನ್ನೂ ನುಂಗಿತು. ಅವನು ಅಂಗೈಯನ್ನು ಆ ಬಾಯಿಗೆ ಅಡ್ಡ ಇಟ್ಟ. ಕೊಳವೆ ಕೈಯನ್ನು ಗಪ್ಪನೆ ಹಿಡಿದುಕೊಂಡಿತು. ಯಾರೂ ಅವನ ಕೈಯನ್ನು ಅಷ್ಟು ಬಿಗಿಯಾಗಿ ಹಿಡಿದು ಎಷ್ಟೋ ಕಾಲವಾಗಿತ್ತು. ಬಿಡಿಸಿಕೊಳ್ಳಬಹುದಿತ್ತು. ಬಿಡಿಸಿಕೊಳ್ಳಲಿಲ್ಲ. ಇಂಜಿನ್ ಉಸಿರುಗಟ್ಟಿ ಒದ್ದಾಡಿತು, ಕೆಮ್ಮಿತು, ನಿಂತಿತು.

“ಎಲ್ಲೂ ಹೋಗಿಲ್ಲ,” ಎಂದ ಹೇಮಂತ. ಆ ನಿಶ್ಶಬ್ದದಲ್ಲಿ ದನಿ ಬೇಕಾದ್ದಕ್ಕಿಂತ ದೊಡ್ಡದಾಗಿ ಬಂತು. “ಕಾಲನಿ ಹಿಂದಿನ ಖಾಲಿ ಪ್ಲಾಟಿನ್ಯಾಗ ನಿಲ್ಲಿಸ್ಕೊಂಡು ಕೂಡ್ತೀನಿ. ಎಲ್ಲಾ ಕಿಟಕಿ ಹಾಕ್ಕೊಂಡು. ಇಂಜಿನ್ನಿನ ಸದ್ದು ಕೇಳ್ಕೊಂತ. ಅಷ್ಟ.”

ಅವನು ಕೈ ತೆಗೆದ. ಅಂಗೈಯ ನಡುವೆ ದುಂಡಗಿನ ಗುರುತೊಂದು ಬಿದ್ದಿತ್ತು, ಸೊನ್ನೆಯಷ್ಟು ಅಚ್ಚುಕಟ್ಟಾಗಿ. ಯಾರಾದರೂ ನೋಡಬಹುದೆಂದು ಹೇಮಂತ ಅದನ್ನು ಚಾಚಿಕೊಂಡೇ ನಿಂತ.