ಹೆಣದ ಸಿಂಗಾರ

ಅಕ್ಕ ಶವಾಗಾರದಲ್ಲಿ ಹೆಣಗಳ ಮುಖಕ್ಕೆ ಬಣ್ಣ ಹಚ್ಚುವ ಕೆಲಸಕ್ಕೆ ಸೇರಿದ ಮೇಲೆ ತಂಗಿಯ ಮನೆ ಅವಳ ಪಾಲಿಗೆ ಹೊಸ್ತಿಲಿಗೇ ಮುಗಿದುಹೋಯಿತು. ಹೋದರೆ ಬಾಗಿಲಾಚೆ ಒಂದು ಸ್ಟೂಲು, ಬೇರೆ ಯಾರೂ ಮುಟ್ಟದ ಒಂದು ಲೋಟ. ತಂಗಿಯ ಮಗಳನ್ನು ಎತ್ತಿಕೊಳ್ಳಲು ಕೈ ಚಾಚಿದರೆ ತಂಗಿ ಮಗುವನ್ನು ಬೆನ್ನ ಹಿಂದೆ ಎಳೆದುಕೊಳ್ಳುತ್ತಿದ್ದಳು. ಸ್ವಂತ ಮಕ್ಕಳಿಲ್ಲದ ಹೆಂಗಸು, ಹೊಟ್ಟೆಯೊಳಗೇ ನುಂಗಿಕೊಂಡು ಬರುತ್ತಿದ್ದಳು.

ಈಗ ನೋಡಿ, ಕಾಲ ಹೇಗೆ ತಿರುಗಿತು! ಕಪ್ಪು ಬಟ್ಟೆ, ಕಪ್ಪು ತುಟಿ, ಉಸಿರು ನಿಂತವರ ಹಾಗೆ ಬಿಳಿಚಿದ ಮುಖ. ಗಾಥ್ ಎಂಬ ಹಳೆಯ ಫ್ಯಾಷನ್ ಹುಚ್ಚು ಮತ್ತೆ ಎದ್ದು ಬಂದು ಊರ ಹುಡುಗಿಯರ ತಲೆಗೇರಿ ಕೂತಿತ್ತು. ಆ ಮಗುವೂ ಬೆಳೆದು, ಗೆಳತಿಯರ ಬಾಯಲ್ಲಿ 'ಕಾಗೆ' ಎನಿಸಿಕೊಂಡು, ಅದನ್ನೇ ಬಿರುದಿನ ಹಾಗೆ ಮೆರೆಸುತ್ತ ಕಪ್ಪು ಬಟ್ಟೆಯ ಅಂಗಡಿ ತೆರೆದಿದ್ದಳು. ಒಂದು ಮಧ್ಯಾಹ್ನ ಅವಳೇ ಶವಾಗಾರದ ಬಾಗಿಲಿಗೆ ಬಂದಳು.

"ದೊಡ್ಡಮ್ಮಾ, ನಮ್ಮ ಫ್ಯಾಷನ್ ಶೋಗೆ ನೀನೇ ಮೇಕಪ್ ಮಾಡ್ಬೇಕು. ಥೇಟ್ ಹೆಣದ ಥರ ಕಾಣ್ಬೇಕು. ಚೆನ್ನಾಗಾದ್ರೆ ಅಂಗಡೀಲೇ ನಿಂಗೊಂದು ಕುರ್ಚಿ ಹಾಕಿಸ್ತೀನಿ. ಈ ದರಿದ್ರ ಜಾಗ ಬಿಟ್ಬಿಡು."

ದೊಡ್ಡಮ್ಮ! ಅಷ್ಟು ಸಾಕಾಯಿತು, ಅವಳು ಕರಗಿ ನೀರಾದಳು. ಕುರ್ಚಿಯೆಂದರೆ ದಿನಾ ಆ ಮಗುವಿನ ಪಕ್ಕ ಕೂರುವುದು. ಅವಳಿಗೆ ಬೇಕಾಗಿದ್ದು ಅದೊಂದೇ.

ಶೋ ದಿನ ಅಂಗಡಿಯ ಹಿಂದಿನ ಕೋಣೆಯಲ್ಲಿ, ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಹುಡುಗಿಯರನ್ನು ಒಬ್ಬೊಬ್ಬರನ್ನಾಗಿ ಮಲಗಿಸಿದಳು. ಕೂತವರ ಮುಖಕ್ಕೆ ಬಣ್ಣ ಹಚ್ಚಿ ಅವಳಿಗೆ ಅಭ್ಯಾಸವೇ ಇಲ್ಲ. "ಬ್ರಷ್ಷಲ್ಲೇ ಮಾಡು, ಕೈ ತಾಗಿಸ್ಬೇಡ" ಎಂದಳು ಕಾಗೆ. ಇದೂ ಏನೋ ಫ್ಯಾಷನ್ನಿನ ನಿಯಮವಿರಬೇಕು ಎಂದುಕೊಂಡು ಅವಳು ಜೀವ ತೇಯ್ದು ಕೆಲಸ ಮಾಡಿದಳು. ಆದರೆ ಪಾಪ, ಆ ಕೈ ಕಲಿತದ್ದೇ ಮುಖದಿಂದ ಸಾವನ್ನು ಅಳಿಸುವ ವಿದ್ಯೆ. ಅವಳ ಪ್ರಕಾರ ಒಳ್ಳೆಯ ಹೆಣವೆಂದರೆ ಹೊಟ್ಟೆ ತುಂಬ ಉಂಡು ಮಲಗಿದವರ ಹಾಗಿರಬೇಕು. ಕೆನ್ನೆಗೆ ನಸುಗೆಂಪು ತುಂಬಿದಳು, ತುಟಿಗೆ ಜೀವಕಳೆ ತಂದಳು.

ಎದ್ದು ಕನ್ನಡಿ ನೋಡಿಕೊಂಡ ಹುಡುಗಿಯರು ಗೊಳ್ಳೆಂದು ನಕ್ಕರು. "ಏನೇ ಇದು, ನರ್ಸರಿ ಮಕ್ಕಳ ಡ್ಯಾನ್ಸಾ?"

ಕಾಗೆಗೆ ಪಿತ್ತ ನೆತ್ತಿಗೇರಿತು. "ಇಷ್ಟು ವರ್ಷ ಅಲ್ಲಿ ಕತ್ತೆ ಕಾಯ್ತಿದ್ಯಾ? ಹೆಣ ಹೇಗಿರತ್ತೆ ಅಂತ ನಿಂಗೇ ಗೊತ್ತಿಲ್ವಾ?"

ಮೂಲೆಯಲ್ಲಿ ನಿಂತಿದ್ದ ತಂಗಿಯೂ ಬಿಡಲಿಲ್ಲ. "ನಾನು ಬಡ್ಕೊಂಡೆ, ಇವಳನ್ನ ಕರೀಬೇಡ ಅಂತ."

ಕುರ್ಚಿ ಕೈತಪ್ಪಿ ಹೋಗುತ್ತಿತ್ತು. "ಗೊತ್ತು ಕಂದಾ," ಎಂದಳು ಅಕ್ಕ. "ನನ್ನ ಕೈಗೆ ಬರೋ ಮುಂಚೆ ಹೇಗಿರ್ತಾರೋ ಹಾಗೇ ಮಾಡ್ತೀನಿ. ಬಾ, ನೀನೇ ಮಲಕ್ಕೋ."

ಮಾಡಿದಳು. ಕಿವಿಯ ಹಿಂದೆ ಹಸಿರು, ಕುತ್ತಿಗೆಗೆ ನೇರಳೆ, ಒಣಗಿ ಒಳಕ್ಕೆ ಸೇದಿಕೊಂಡ ತುಟಿ. ಮುದ್ದಾಡಲು ಹಂಬಲಿಸಿದ ಮುಖವನ್ನು ತಾನೇ ಸಾಯಿಸುತ್ತಿದ್ದೇನಲ್ಲ ಎಂದುಕೊಳ್ಳುತ್ತಲೇ ಬ್ರಷ್ಷು ಆಡಿಸಿದಳು. ಕಾಗೆ ವೇದಿಕೆ ಹತ್ತಿದಾಗ ಜನ ಉಸಿರು ಬಿಗಿಹಿಡಿದು ನೋಡಿದರು, ಆಮೇಲೆ ಚಪ್ಪಾಳೆಯೋ ಚಪ್ಪಾಳೆ. ಯಾರ ಕೈಚಳಕ ಇದು ಎಂದು ಯಾರೋ ಕೂಗಿ ಕೇಳಿದರು.

"ಇನ್ಯಾರದು? ನಂದೇ!" ಎಂದಳು ಕಾಗೆ.

ಹೋಗಲಿ, ಹುಡುಗುಬುದ್ಧಿ ಎಂದು ದೊಡ್ಡಮ್ಮ ಅದನ್ನೂ ನುಂಗಿದಳು. ಒಳಗೆ ಬಂದವಳ ತಲೆ ಸವರಲು ಕೈ ಚಾಚಿದರೆ ಕಾಗೆ ಬೆಂಕಿ ಕಂಡವಳಂತೆ ಹಿಂದೆ ಹಾರಿದಳು. "ಮುಟ್ಬೇಡ! ಕೆಲಸ ಆಯ್ತಲ್ಲ, ಹೊರಡು."

"ಮತ್ತೆ... ಆ ಕುರ್ಚಿ?"

"ನಿನ್ನ ಕೂರಿಸಿದ್ರೆ ಅಂಗಡಿಗೆ ಯಾರು ಬರ್ತಾರೆ ದೊಡ್ಡಮ್ಮ? ಹೆಣದ ಥರ ಕಾಣೋಕೆ ಎಲ್ರಿಗೂ ಇಷ್ಟ. ಹೆಣ ಮುಟ್ಟಿದ ಕೈ ಯಾರಿಗೆ ಬೇಕು?"

ಅವಳು ಚೀಲ ಎತ್ತಿಕೊಂಡು ಬೀದಿಗಿಳಿದಳು. ಬಸ್ ಸ್ಟಾಪಿನವರೆಗೂ ಹೋಗಿರಲಿಲ್ಲ, ಹಿಂದಿನಿಂದ ಕೂಗು ಬಂತು. "ದೊಡ್ಡಮ್ಮಾ! ಇದು ಹೋಗ್ತಾನೇ ಇಲ್ಲ! ದೊಡ್ಡಮ್ಮಾ!" ಶವಾಗಾರದ ಬಣ್ಣ ಸೋಪಿಗೆ ಜಗ್ಗುವಂಥದ್ದಲ್ಲ. ಅದನ್ನು ಬಿಡಿಸುವ ಎಣ್ಣೆ ಇದ್ದದ್ದು ಅವಳ ಚೀಲದಲ್ಲಿ.

ಹಾಳಾಗಿ ಹೋಗು ಎಂದು ಬಸ್ಸು ಹತ್ತಬೇಕಿತ್ತು. ಹತ್ತಲಿಲ್ಲ, ಪುಣ್ಯಾತ್ಗಿತ್ತಿ. ಓಡೋಡಿ ಬಂದಳು.

ತಂಗಿ ಕಕ್ಕಸು ತೊಳೆಯುವ ರಬ್ಬರ್ ಕೈಗವಸನ್ನು ತಂದು ಮೇಜಿನ ಮೇಲೆ ಎಸೆದಳು. "ಇದನ್ನ ಹಾಕ್ಕೊಂಡು ಒರೆಸು."

ಅವಳು ಹಾಕಿಕೊಂಡಳು. ಹತ್ತಿಯನ್ನು ಎಣ್ಣೆಯಲ್ಲಿ ಅದ್ದಿ, ಆ ಕೆನ್ನೆ, ಆ ಹಣೆ, ಆ ರೆಪ್ಪೆಗಳನ್ನು ನೋವಾಗದ ಹಾಗೆ ಒರೆಸತೊಡಗಿದಳು. ಇಷ್ಟು ವರ್ಷಗಳಲ್ಲಿ ಆ ಮುಖ ಅವಳ ಕೈಗೆ ಸಿಕ್ಕಿದ್ದು ಹೀಗೆ.

ಕಣ್ಣು ಮುಚ್ಚಿಕೊಂಡೇ ಕಾಗೆ ಕೇಳಿದಳು. "ಮುಂದಿನ ಶೋಗೂ ಬರ್ತೀಯಲ್ಲ? ಹಿಂದಿನ ಬಾಗಿಲಿಂದ ಬಾ."

"ಬರ್ತೀನಿ ಕಂದಾ," ಎಂದಳು ದೊಡ್ಡಮ್ಮ.