ತಪಾಸಣೆಗೆ ಬಾರದ ಹನ್ನೊಂದು ಮಂದಿ

ಸೊಂಟದ ಮೂಳೆ ಮುರಿದವರು ಆರು ತಿಂಗಳಲ್ಲಿ ಎಷ್ಟು ಚೇತರಿಸಿಕೊಳ್ಳುತ್ತಾರೆ ಎಂಬ ಅಧ್ಯಯನ ಅದು. ಕಾಗದ ಹಾಕಿ ರೋಗಿಗಳನ್ನು ತಪಾಸಣೆಗೆ ಕರೆಸುವುದು ನರ್ಸಿನ ಕೆಲಸ. ಬಾರದ ಹನ್ನೊಂದು ಮಂದಿಯ ಹೆಸರಿನ ಮುಂದೆ ದೊಡ್ಡ ಡಾಕ್ಟರು ‘ಆಸಕ್ತಿ ಇಲ್ಲ’ ಎಂದು ಬರೆದು ಕೈಬಿಟ್ಟರು. ಬಂದವರೆಲ್ಲ ನಡೆಯುತ್ತಿದ್ದರು, ಫಲಿತಾಂಶ ಭರ್ಜರಿಯಾಗಿತ್ತು.

ನರ್ಸಿಗೆ ಮನಸ್ಸು ಒಪ್ಪಲಿಲ್ಲ. ಆ ಹನ್ನೊಂದು ಮಂದಿಯಲ್ಲಿ ಒಬ್ಬರಾದ ಟೈಲರಜ್ಜಿಯನ್ನು ಹುಡುಕಿಕೊಂಡು ಹೋದಳು. ಲಿಫ್ಟಿಲ್ಲದ ಮೂರನೇ ಮಹಡಿ. ಅಜ್ಜಿ ಮಂಚದಲ್ಲೇ ಕೂತು ಅಂಗಿಗೆ ಗುಂಡಿ ಹಾಕುತ್ತಿದ್ದರು.

“ಯಾಕಜ್ಜಿ ಬರಲಿಲ್ಲ?”

“ನಡೆಯೋಕಾಗಿದ್ರೆ ಬರ್ತಿರಲಿಲ್ವೇನಮ್ಮ? ಮೆಟ್ಟಿಲು ಇಳಿದು ಐದು ತಿಂಗಳಾಯ್ತು. ಕಾಲು ಗಟ್ಟಿ ಇರೋ ನೀವೇ ಹತ್ತಿ ಬರಬಹುದಿತ್ತಲ್ಲ!”

ನರ್ಸಿನ ಮುಖ ಕೆಂಪಾಯಿತು. ಒಂದೇ ವಾರದಲ್ಲಿ ಹನ್ನೊಂದು ಮನೆಯನ್ನೂ ಸುತ್ತಿದಳು. ಒಂಬತ್ತು ಮಂದಿ ಹಾಸಿಗೆ ಹಿಡಿದಿದ್ದರು, ಇಬ್ಬರು ತೀರಿಕೊಂಡಿದ್ದರು.

“ವೈದ್ಯಕೀಯ ಪತ್ರಿಕೆಗೆ ಪ್ರಬಂಧ ಕಳಿಸಿಯಾಯ್ತು, ಈಗ ಯಾಕಮ್ಮ ರಗಳೆ?” ಎಂದರು ಅವಳು ಬರೆದು ತಂದ ಪಟ್ಟಿ ನೋಡಿದ ಡಾಕ್ಟರು.

“ಸತ್ತವರಿಗೂ ಆಸಕ್ತಿ ಇಲ್ಲ ಅಂತ ಬರೆದಿದ್ದೀರಿ ಸಾರ್! ಅದರಲ್ಲಿ ನನ್ನ ಹೆಸರು ಬೇಡ.”

ಅವಳ ಪಟ್ಟಿ ಅಂದೇ ಆಸ್ಪತ್ರೆಯ ಸಂಶೋಧನಾ ಸಮಿತಿಯ ಮೇಜು ಸೇರಿತು. ಸಮಿತಿಯವರು ಪ್ರಬಂಧವನ್ನು ವಾಪಸು ತರಿಸಿದರು. ಡಾಕ್ಟರು ಅವಳನ್ನು ಮಾತಾಡಿಸುವುದನ್ನೇ ಬಿಟ್ಟರು. ಅವಳೂ ಅದಕ್ಕೆ ಸೊಪ್ಪು ಹಾಕಲಿಲ್ಲ. ವ್ಯಾಯಾಮ ಕಲಿಸುವವರನ್ನು ಕರೆದುಕೊಂಡು ಅಜ್ಜಿಯ ಮನೆಗೆ ಹೊರಟಳು.